ಅನಿಮಲ್ ಫಾರ್ಮ್ (1999): ಹಂದಿ ಬಾಯಿ ತೆರೆದಾಗ ಏನಾಗುತ್ತದೆ

ಪ್ರಾಣಿಗಳ ಕಥೆಯಾದರೂ ಈ ಚಿತ್ರದಲ್ಲಿ ಮನಸ್ಸಿಗೆ ನಾಟುವುದು ಪ್ರಾಣಿಗಳು ಮಾತಾಡದೆ ನಿಂತಿರುವ ಹೊತ್ತು. ದುಡಿದು ದುಡಿದು ಕುಸಿದ ಬಾಕ್ಸರ್ ಕುದುರೆಯನ್ನು ಗಾಡಿಗೆ ತುಂಬಿ ಒಯ್ಯುತ್ತಾರೆ. ಅದು ಆಸ್ಪತ್ರೆ ಗಾಡಿಯಲ್ಲ, ಕುದುರೆಯನ್ನು ಕೊಂದು ಗೋಂದು ಕಾಯಿಸುವವರ ಗಾಡಿ ಎಂದು ಕತ್ತೆ ಬೆಂಜಮಿನ್‌ಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕಾರ್ಟೂನಿನ ಕುದುರೆಯಾಗಿದ್ದರೆ ನಮಗೆ ಅಯ್ಯೋ ಅನ್ನಿಸುತ್ತಿತ್ತು. ಇಲ್ಲಿ ಕಣ್ಣೆದುರಿಗಿರುವುದು ಮೈಯ ಭಾರ, ಬೆವರು, ಮೊಣಕಾಲಿನ ಮಣ್ಣು. ಚಿತ್ರ ಬರೆಯದೆ ನಿಜವಾದ ಮೈಗಳನ್ನೇ ಕ್ಯಾಮೆರಾದಲ್ಲಿ ಹಿಡಿಯುವ ಲೈವ್ ಆಕ್ಷನ್ ಅನ್ನುವ ವಿಧಾನ ತನ್ನ ಖರ್ಚಿಗೆ ಲೆಕ್ಕ ಒಪ್ಪಿಸುವುದು ಇಂಥ ಕಡೆ.

ಜಾರ್ಜ್ ಆರ್ವೆಲ್ 1945ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ನಿಜವಾದ ಹೊಲ, ನಿಜವಾದ ಕೊಟ್ಟಿಗೆ, ನಿಜವಾದ ಪ್ರಾಣಿಗಳನ್ನಿಟ್ಟುಕೊಂಡು ತೆಗೆದ ಟಿವಿ ಚಿತ್ರ ಇದು. ಒಡೆಯನನ್ನು ಓಡಿಸಿ ಪ್ರಾಣಿಗಳೇ ಫಾರ್ಮ್ ನಡೆಸಹೊರಡುತ್ತವೆ, ಕೊನೆಗೆ ಹಂದಿಗಳೇ ಹೊಸ ಒಡೆಯರಾಗುತ್ತವೆ; ಸೋವಿಯತ್ ಕ್ರಾಂತಿ ದಾರಿ ತಪ್ಪಿದ್ದರ ಅಣಕ ಅದು. ನಿರ್ದೇಶಕ ಜಾನ್ ಸ್ಟೀಫನ್ಸನ್. ಚಿತ್ರೀಕರಣ ನಡೆದದ್ದು ಐರ್ಲೆಂಡಿನ ವಿಕ್ಲೋದಲ್ಲಿ, ಅಮೆರಿಕದ ಟಿಎನ್‌ಟಿ ಚಾನೆಲ್‌ನಲ್ಲಿ ಮೊದಲು ಪ್ರಸಾರವಾದದ್ದು 1999ರ ಅಕ್ಟೋಬರ್ 3ರಂದು. ಒಂದೂವರೆ ಗಂಟೆಯ ಚಿತ್ರ. ಮೊದಲ ಒಂದು ಗಂಟೆ ಖಂಡಿತ ನೋಡಬೇಕಾದದ್ದು, ಕೊನೆಯ ಕೆಲವು ನಿಮಿಷ ಕೈಕೊಡುತ್ತದೆ. ಎರಡಕ್ಕೂ ಕಾರಣ ಪ್ರಾಣಿಗಳ ಮೈಯಲ್ಲೇ ಇದೆ.

ಸ್ಟೀಫನ್ಸನ್ ಬಂದದ್ದು ಜಿಮ್ ಹೆನ್ಸನ್ ಕ್ರೀಚರ್ ಶಾಪ್‌ನಿಂದ. ಮಾತಾಡುವ ಹಂದಿಮರಿಯ ಕಥೆಯಾದ 1995ರ 'ಬೇಬ್' ಚಿತ್ರಕ್ಕೆ ಯಂತ್ರದ ಪ್ರಾಣಿಗಳನ್ನು ಮಾಡಿಕೊಟ್ಟ ಕಾರ್ಯಾಗಾರ ಅದು. ಒಳಗೆ ಲೋಹದ ಅಸ್ಥಿಪಂಜರ, ಅದಕ್ಕೆ ಬೇಕಾದಷ್ಟೇ ತಿರುಗುವ ಸಣ್ಣ ಸಣ್ಣ ಸರ್ವೋ ಮೋಟಾರುಗಳು, ಮೇಲೆ ಫೋಮ್ ಲೇಟೆಕ್ಸ್ ಎಂಬ ಮೆತ್ತನೆಯ ರಬ್ಬರಿನ ಚರ್ಮ, ಚರ್ಮಕ್ಕೆ ನೆಟ್ಟ ಕೂದಲು. ಹುಬ್ಬಿಗೊಂದು, ರೆಪ್ಪೆಗೊಂದು, ತುಟಿಯ ಮೂಲೆಗೊಂದು ಮೋಟಾರು. ಇವೆಲ್ಲವನ್ನೂ ಒಬ್ಬನೇ ಗೊಂಬೆಯಾಟದವನು ಎರಡು ಕೈಯಲ್ಲಿ ಆಡಿಸುವಂತೆ ಕಂಪ್ಯೂಟರಿಗೆ ಜೋಡಿಸಿದ ವ್ಯವಸ್ಥೆಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಸಿಕ್ಕಿದೆ. ಈ ಚಿತ್ರಕ್ಕಾಗಿ ಹಂದಿ, ಕುದುರೆ, ಕತ್ತೆ, ನಾಯಿ, ಹಕ್ಕಿ ಸೇರಿ ಹತ್ತಕ್ಕೂ ಹೆಚ್ಚು ಯಂತ್ರಪ್ರಾಣಿಗಳನ್ನು ಕಟ್ಟಿದರು. ದೂರದ ಶಾಟ್‌ಗೆ ನಿಜವಾದ ಪ್ರಾಣಿ, ಮುಖ ತುಂಬುವ ಶಾಟ್‌ಗೆ ಯಂತ್ರ, ನಡುವಿನದಕ್ಕೆ ಕಂಪ್ಯೂಟರಿನ ತಿದ್ದುಪಡಿ. ಈ ಮೂರನ್ನೂ ಹೊಲಿದು ಜೋಡಿಸುವುದೇ ಇಡೀ ಕೆಲಸ, ಹೊಲಿಗೆ ಬಿಚ್ಚಿಕೊಳ್ಳುವುದು ಹಂದಿಗಳಲ್ಲಿ.

ಹಂದಿಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಎದುರಿಗೆ ಕ್ಯಾಮೆರಾ ಇಟ್ಟರೆ ಮೂತಿ ಕಾಣುತ್ತದೆ, ನೋಟ ಸಿಗುವುದಿಲ್ಲ. ಕೆಳದವಡೆ ಮೂತಿಯ ಹಿಂದೆ ಅಡಗಿರುವುದರಿಂದ ಎದುರಿನಿಂದ ಬಾಯಾಟವೂ ಸರಿಯಾಗಿ ಕಾಣದು. ಕತ್ತು ಗಿಡ್ಡ, ಬಿಗಿ. ತಲೆ ಎತ್ತಿ ಭಾಷಣ ಮಾಡುವ ಭಂಗಿ ಹಂದಿಯ ಮೈಗೆ ಇಲ್ಲವೇ ಇಲ್ಲ. ಆದ್ದರಿಂದ ಮುಕ್ಕಾಲು ಪಕ್ಕದಿಂದ, ಸ್ವಲ್ಪ ಕೆಳಗಿನಿಂದ ಹಿಡಿಯಬೇಕು. ಹಾಗೆ ಹಿಡಿದ ಕಡೆಯೆಲ್ಲ ಹಂದಿಗಳ ನಾಯಕ ನೆಪೋಲಿಯನ್ ಹೆದರಿಸುತ್ತಾನೆ. ಎದುರಿನಿಂದ ಹಿಡಿದು, ಕಣ್ಣನ್ನು ಮನುಷ್ಯರಂತೆ ಮುಂದಕ್ಕೆ ತಿರುಗಿಸಿ, ಹುಬ್ಬು ಕುಣಿಸಿದ ಕಡೆ ರಬ್ಬರ್ ಗೊಂಬೆಯಾಗಿಬಿಡುತ್ತಾನೆ. ಪ್ಯಾಟ್ರಿಕ್ ಸ್ಟೂವರ್ಟ್ ಅವರ ದನಿ ಎಷ್ಟೇ ಗಟ್ಟಿಯಾಗಿದ್ದರೂ ಕಣ್ಣು ಒಪ್ಪಿಕೊಳ್ಳುವುದಿಲ್ಲ. ಕುದುರೆಗೂ ಕತ್ತೆಗೂ ಈ ತೊಂದರೆ ಕಡಿಮೆ, ಯಾಕೆಂದರೆ ಅವುಗಳ ಮನಸ್ಸು ಕಿವಿಯಲ್ಲಿ ಕಾಣುತ್ತದೆ. ಕಿವಿ ಹಿಂದಕ್ಕೆ ಮಲಗಿತೆಂದರೆ ಸಿಟ್ಟು ಅಥವಾ ಭಯ ಎಂದು ಜಟಕಾ ಹೊಡೆದವರಿಗೆಲ್ಲ ಗೊತ್ತು. ಬೆಂಜಮಿನ್ ಪಾತ್ರ ಇಲ್ಲಿ ಅಷ್ಟು ನಂಬುವಂತಿರುವುದಕ್ಕೆ ಕತ್ತೆಯ ಕಿವಿಯೂ ಕಾರಣ, ಪೀಟ್ ಪೋಸ್ಲ್‌ತ್‌ವೇಟ್ ಅವರ ದಣಿದ ದನಿಯೂ ಕಾರಣ. ರೈತ ಜೋನ್ಸ್ ಆಗಿ ನಟಿಸಿದವರೂ ಅವರೇ. ಒಡೆಯನಿಗೂ ಬಾಯಿ ಬಿಡದ ಕತ್ತೆಗೂ ಒಂದೇ ಗಂಟಲು ಎಂಬುದು ಗೊತ್ತಾದ ಮೇಲೆ ಚಿತ್ರ ಬೇರೆಯಾಗಿ ಕೇಳಿಸುತ್ತದೆ.

ಯಂತ್ರದ ಪ್ರಾಣಿ ನಡೆಯಲಾರದು, ಇದು ಇನ್ನೊಂದು ತೊಡಕು. ಅದರ ಕಾಲ ಕೆಳಗೆ ವೈರು, ಹೊಟ್ಟೆಯ ಹಿಂದೆ ಆಡಿಸುವವರು. ಆದ್ದರಿಂದ ಬೇಲಿಯ ಹಿಂದೆ, ಹುಲ್ಲಿನ ಮರೆಯಲ್ಲಿ, ಎದೆಮಟ್ಟದ ಶಾಟ್‌ನಲ್ಲೇ ನಿಲ್ಲಿಸಬೇಕಾಗುತ್ತದೆ. ಹೆಚ್ಚು ನಷ್ಟವಾದದ್ದು ನೆಪೋಲಿಯನ್ ಪರವಾಗಿ ಸುಳ್ಳು ಹೇಳಿ ನಂಬಿಸುವ ಹಂದಿ ಸ್ಕ್ವೀಲರ್‌ಗೆ. ಪುಸ್ತಕದಲ್ಲಿ ಅವನು ಮಾತಾಡುತ್ತ ಆ ಕಡೆ ಈ ಕಡೆ ಜಿಗಿಯುತ್ತಾನೆ, ಬಾಲ ಅಲ್ಲಾಡಿಸುತ್ತಾನೆ. ಕೇಳುವವರಿಗೆ ಸುಳ್ಳು ಒಪ್ಪಿಗೆಯಾಗುವುದು ಅರ್ಧಕ್ಕರ್ಧ ಆ ಕುಣಿತದಿಂದ. ಇಲ್ಲಿ ಕುಣಿತ ಹೋಗಿದೆ, ಇಯಾನ್ ಹೋಮ್ ಅವರ ದನಿ ಮಾತ್ರ ಉಳಿದಿದೆ. ಆ ಕೊರತೆಯನ್ನು ಚಿತ್ರ ಜಾಣತನದಿಂದ ತುಂಬಿಕೊಂಡಿದೆ: ಸ್ಕ್ವೀಲರ್ ಕೈಗೆ ಸಿನಿಮಾ ಕೊಟ್ಟಿದೆ. ಕಪ್ಪು-ಬಿಳುಪಿನ ಪ್ರಚಾರ ಚಿತ್ರ, ಅದರಲ್ಲಿ ನಾಯಕನ ಹೊಗಳಿಕೆಯ ಹಾಡು, ಅದನ್ನು ಬಾಯ್ಬಿಟ್ಟು ನೋಡುತ್ತ ಕೂತ ಪ್ರಾಣಿಗಳು. ಇದು ಪುಸ್ತಕದಲ್ಲಿ ಇಲ್ಲ. ಆದರೂ ರೂಪಾಂತರ ಅಂದರೆ ಹೀಗಿರಬೇಕು. ಒಂದು ಮಾಧ್ಯಮದಲ್ಲಿ ಕೆಲಸ ಮಾಡಿದ್ದು ಇನ್ನೊಂದರಲ್ಲಿ ಆಗದಿದ್ದಾಗ, ಅದೇ ಕೆಲಸವನ್ನು ಬೇರೆ ಉಪಕರಣದಿಂದ ಮಾಡಿಸಬೇಕು.

ಬದಲಾವಣೆಗಳೆಲ್ಲ ಹೀಗೆ ಕೈಗೂಡಿಲ್ಲ. ಮುದಿ ಹಂದಿ ಓಲ್ಡ್ ಮೇಜರ್ ಪುಸ್ತಕದಲ್ಲಿ ಕನಸು ಹೇಳಿ, ಹಾಡು ಕಲಿಸಿ, ಮೂರು ರಾತ್ರಿಯಾದ ಮೇಲೆ ನಿದ್ದೆಯಲ್ಲೇ ಸಾಯುತ್ತಾನೆ. ಚಿತ್ರದಲ್ಲಿ ಅವನ ಸಾವಿಗೆ ಜೋನ್ಸ್‌ನ ಬಂದೂಕು ಆಕಸ್ಮಿಕವಾಗಿ ಹಾರಿದ್ದು ಕಾರಣವಾಗುತ್ತದೆ. ದೃಶ್ಯಕ್ಕೆ ರಭಸ ಬಂತು, ನಿಜ. ಆದರೆ ದಂಗೆಗೆ ಸೇಡಿನ ಕಾರಣ ಅಂಟಿಕೊಂಡಿತು. ಪುಸ್ತಕದ ಪ್ರಾಣಿಗಳು ಸೇಡಿಗಾಗಿ ಎದ್ದವಲ್ಲ, ಆ ದಿನ ಮೇವು ಹಾಕಲಿಲ್ಲವೆಂದು ಎದ್ದವು. ಹಸಿದ ಹಸು ಕೊಂಬಿನಿಂದ ಉಗ್ರಾಣದ ಬಾಗಿಲು ಮುರಿಯಿತು, ಮಿಕ್ಕದ್ದು ತಾನಾಗಿ ನಡೆಯಿತು. ಹಸಿವು ಎಲ್ಲರದೂ ಆದ್ದರಿಂದ ಅದು ರಾಜಕೀಯ. ಜೋನ್ಸ್ ಮತ್ತು ನೆರೆಯ ಪಿಲ್ಕಿಂಗ್ಟನ್ ಮನೆಯವರ ಸಂಸಾರದ ಗೋಜಲನ್ನೂ ಚಿತ್ರ ಸಾಕಷ್ಟು ಬೆಳೆಸಿದೆ. ಮನುಷ್ಯ ನಟರು ಸಿಕ್ಕರೆಂದು ಮನುಷ್ಯರ ಕಥೆ ಉದ್ದವಾಯಿತು, ಅಷ್ಟೇ. ಪ್ರತಿ ಸಲ ಕ್ಯಾಮೆರಾ ಮನೆಯೊಳಗೆ ಹೋದಾಗಲೂ ಕೊಟ್ಟಿಗೆಯ ಬಿಸಿ ಆರುತ್ತದೆ.

ಕೋಳಿಗಳ ವಿಷಯಕ್ಕೆ ಬರೋಣ. ಇಂಥ ಚಿತ್ರ ತೆಗೆಯುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಅಧ್ಯಾಯ ಅದು. ನೆಪೋಲಿಯನ್ ವಾರಕ್ಕೆ 400 ಮೊಟ್ಟೆ ಹೊರಗೆ ಮಾರಲು ಒಪ್ಪಿಕೊಂಡಾಗ ಕೋಳಿಗಳು ಅಟ್ಟಕ್ಕೆ ಹಾರಿ ಅಲ್ಲಿಂದಲೇ ಮೊಟ್ಟೆಯಿಡುತ್ತವೆ, ಮೊಟ್ಟೆ ನೆಲಕ್ಕೆ ಬಿದ್ದು ಒಡೆಯುತ್ತದೆ. ಅವಕ್ಕೆ ಕಾಳು ನಿಲ್ಲಿಸಲಾಗುತ್ತದೆ. ಐದು ದಿನ ಹಟ ಹಿಡಿದು ಸೋಲುತ್ತವೆ, ಅಷ್ಟರಲ್ಲಿ ಒಂಬತ್ತು ಕೋಳಿ ಸತ್ತಿರುತ್ತವೆ. ಇಡೀ ಕಾದಂಬರಿಯಲ್ಲಿ ಲೈವ್ ಆಕ್ಷನ್‌ಗಾಗಿಯೇ ಬರೆದಿಟ್ಟಂತಿರುವ ಪ್ರಸಂಗ. ಮಾತು ಬೇಡ, ತುಟಿಯಾಟ ಬೇಡ. ಕೋಳಿಯ ಕೊಕ್ಕಿಗೆ ತುಟಿಯೇ ಇಲ್ಲ. ಹಾರುವ ಕೋಳಿ, ಒಡೆಯುವ ಮೊಟ್ಟೆ, ಖಾಲಿ ಕಾಳಿನ ತಟ್ಟೆ, ಇಷ್ಟು ಸಾಕು. ಅಟ್ಟದ ಎತ್ತರಕ್ಕೆ ಕ್ಯಾಮೆರಾ ಇಟ್ಟು, ಮೊಟ್ಟೆ ಬೀಳುವ ಸದ್ದನ್ನು ಒಂದೊಂದಾಗಿ ಕೇಳಿಸಿದರೆ ಹತ್ತು ಭಾಷಣದ ಕೆಲಸ ಆಗುತ್ತದೆ. ಪ್ರಚಾರ ಚಿತ್ರದ ಹಾಡಿಗೆ ಕೊಟ್ಟ ಕಾಳಜಿಯನ್ನು ಈ ಪ್ರಸಂಗಕ್ಕೆ ಕೊಟ್ಟಿದ್ದರೆ ಚಿತ್ರದ ನಡುಭಾಗಕ್ಕೆ ಬೇರೆಯೇ ತೂಕ ಬರುತ್ತಿತ್ತು.

ಕಥೆ ಹೇಳುವವರು ಯಾರು ಎಂಬ ಪ್ರಶ್ನೆ ತಂತ್ರಕ್ಕಿಂತ ದೊಡ್ಡದು. ಆರ್ವೆಲ್ ಹೇಳುವ ದನಿ ದೂರದ್ದು, ಅಜ್ಜಿಕಥೆಯ ದನಿ. ಕರೆದಿಟ್ಟ ಹಾಲು ಏನಾಯಿತು ಎಂಬುದನ್ನು ಅದು ಆ ಹೊತ್ತಿಗೆ ಒತ್ತಿ ಹೇಳುವುದಿಲ್ಲ. ಹಂದಿಗಳ ಕೆಲಸವೆಂದು ನಾವು ಊಹಿಸುತ್ತೇವೆ, ಪ್ರಾಣಿಗಳು ಊಹಿಸುವುದಿಲ್ಲ. ಆ ಅಂತರದಲ್ಲೇ ಇಡೀ ಕಥೆಯ ನೋವಿದೆ. ಕ್ಯಾಮೆರಾಕ್ಕೆ ಅಷ್ಟು ದೂರ ನಿಲ್ಲಲು ಬರುವುದಿಲ್ಲ, ಮುಖದ ಹತ್ತಿರ ಹೋದ ಕೂಡಲೇ ಯಾರದೋ ಪಕ್ಷ ವಹಿಸುತ್ತದೆ. ಈ ಚಿತ್ರ ಜೆಸ್ಸಿ ಎಂಬ ಹೆಣ್ಣುನಾಯಿಯ ಪಕ್ಷ ವಹಿಸಿತು. ಪುಸ್ತಕದಲ್ಲಿ ಅವಳದು ಸಣ್ಣ ಪಾತ್ರ. ಜೆಸ್ಸಿ, ಬ್ಲೂಬೆಲ್ ಇಬ್ಬರೂ ಹೆತ್ತ ಒಂಬತ್ತು ಮರಿಗಳನ್ನು ಹಾಲು ಬಿಡಿಸಿದ ಕೂಡಲೇ ನೆಪೋಲಿಯನ್ ಅಟ್ಟಕ್ಕೆ ಒಯ್ಯುತ್ತಾನೆ, ಮುಂದೆ ಅವೇ ಅವನ ಕಾವಲುನಾಯಿಗಳಾಗಿ ಬರುತ್ತವೆ. ಚಿತ್ರದಲ್ಲಿ ಜೆಸ್ಸಿಯೇ ನಿರೂಪಕಿ, ಕ್ಲೋವರ್ ಎಂಬ ಕುದುರೆ ಪುಸ್ತಕದಲ್ಲಿ ಮಾಡುವ ಕೆಲಸವೂ ಇವಳ ಪಾಲಿಗೆ ಬಂದಿದೆ. ಲಾಭ ಸ್ಪಷ್ಟ: ತನ್ನ ಮರಿ ತನ್ನ ಮೇಲೇ ಗುರ್ ಎನ್ನುವಾಗ ತಾಯಿಯ ಮುಖ ನೋಡಲು ಆಗುವುದಿಲ್ಲ. ನಾಯಿಯ ಮುಖ ಮನುಷ್ಯರಿಗೆ ಓದಲು ಬರುವ ಮುಖವೂ ಹೌದು. ನಷ್ಟವೂ ಅಷ್ಟೇ ದೊಡ್ಡದು. ಕ್ಲೋವರ್‌ಗೆ ಓದು ಪೂರ್ತಿ ಬಾರದು, ಗೋಡೆಯ ಮೇಲೆ ಬರೆದ ಪ್ರಾಣಿಗಳ ಕಾನೂನಿನ ಅಕ್ಷರ ಬದಲಾಯಿತೋ ತನ್ನ ನೆನಪೇ ತಪ್ಪೋ ಎಂದು ತಿಳಿಯದು. ಜೆಸ್ಸಿಗೆ ಎಲ್ಲವೂ ಬೇಗ ಅರ್ಥವಾಗುತ್ತದೆ. ಅನುಮಾನಕ್ಕೂ ತಿಳಿವಿಗೂ ನಡುವೆ ಒದ್ದಾಡುವ ಜೀವದ ಜಾಗದಲ್ಲಿ ತಿಳಿದೂ ಸುಮ್ಮನಿರುವ ಜೀವ ಬಂದು ಕೂತಿದೆ.

ಇನ್ನು ಕೊನೆ. 1954ರಲ್ಲಿ ಹಲಾಸ್ ಮತ್ತು ಬ್ಯಾಚೆಲರ್ ಮಾಡಿದ ಅನಿಮೇಷನ್ ಚಿತ್ರಕ್ಕೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಗುಟ್ಟಾಗಿ ಹಣ ಕೊಟ್ಟಿತ್ತು. ಅದರಲ್ಲಿ ಉಳಿದ ಪ್ರಾಣಿಗಳು ಸೇರಿ ಹಂದಿಗಳ ಮೇಲೆ ಮತ್ತೆ ದಂಗೆ ಏಳುತ್ತವೆ. 1999ರ ಚಿತ್ರಕ್ಕೆ ಶೀತಲ ಸಮರದ ಒತ್ತಡ ಇರಲಿಲ್ಲ, ಬರ್ಲಿನ್ ಗೋಡೆ ಬಿದ್ದು ಹತ್ತು ವರ್ಷವಾಗಿತ್ತು. ಅದೇ ಸಮಸ್ಯೆಯಾಯಿತು. ಸೋವಿಯತ್ ಒಕ್ಕೂಟ ಕುಸಿದಿದೆಯಲ್ಲ, ಹಾಗಾಗಿ ಫಾರ್ಮ್ ಕೂಡ ಕುಸಿಯಲಿ ಎಂದು ತೀರ್ಮಾನಿಸಿದರು. ಜೆಸ್ಸಿ ಮತ್ತು ಕೆಲವರು ತಪ್ಪಿಸಿಕೊಂಡು ಅಡಗಿರುತ್ತಾರೆ, ವರ್ಷಗಳ ಮೇಲೆ ಹಾಳುಬಿದ್ದ ಫಾರ್ಮ್‌ಗೆ ಮರಳುತ್ತಾರೆ, ಹೊಸ ಮನುಷ್ಯ ಸಂಸಾರವೊಂದು ಹಾಡು ಹಾಕಿಕೊಂಡು ಕಾರಿನಲ್ಲಿ ಬರುತ್ತದೆ. ಬೆಳಕು, ನಗು, ಭರವಸೆ. ಹೊಸ ಒಡೆಯ ಬಂದನೆಂದು ಪ್ರಾಣಿಗಳು ನೆಮ್ಮದಿಪಡುವುದೇ ಬಿಡುಗಡೆ ಎಂದಾದರೆ, ಓಲ್ಡ್ ಮೇಜರ್ ಕಂಡ ಕನಸು ಏನಾಗಿತ್ತು? ಚಿತ್ರ ತಾನೇ ಒಂದೂವರೆ ಗಂಟೆ ಕಟ್ಟಿದ್ದನ್ನು ಈ ಕಾರು ತುಳಿದುಕೊಂಡು ಹೋಗುತ್ತದೆ. ಇದನ್ನು ಕ್ಷಮಿಸುವುದು ಕಷ್ಟ.

ಪುಸ್ತಕದ ಕೊನೆಯಲ್ಲಿ ಹಂದಿಗಳೂ ಮನುಷ್ಯರೂ ಇಸ್ಪೀಟಾಡುತ್ತಾರೆ, ಕಟ್ಟಿಗೆ ಒಂದೇ ಇರಬೇಕಾದ ಇಸ್ಪೀಟಿನ ಎಕ್ಕ ಇಬ್ಬರ ಕೈಯಿಂದಲೂ ಒಂದೇ ಸಲ ಬೀಳುತ್ತದೆ, ಜಗಳ ಹತ್ತುತ್ತದೆ. 1947ರ ಉಕ್ರೇನಿಯನ್ ಆವೃತ್ತಿಯ ಮುನ್ನುಡಿಯಲ್ಲಿ ಆರ್ವೆಲ್ ಇದನ್ನು ಬಿಡಿಸಿ ಹೇಳಿದ್ದಾರೆ: ತಾವು ಬರೆದದ್ದು ರಾಜಿಯ ಕೊನೆಯಲ್ಲ, ಒಡಕಿನ ಕೊನೆ, ಸ್ಟಾಲಿನ್ ಮತ್ತು ಪಾಶ್ಚಾತ್ಯ ನಾಯಕರು ಸೇರಿದ್ದ ಟೆಹರಾನ್ ಸಮ್ಮೇಳನದ ಬೆನ್ನಿಗೇ ಬರೆದದ್ದು. ಅದೇ ಮುನ್ನುಡಿಯಲ್ಲಿ ಕಥೆ ಹುಟ್ಟಿದ ಬಗೆಯೂ ಇದೆ. ಹತ್ತು ವರ್ಷದ ಹುಡುಗನೊಬ್ಬ ಇಕ್ಕಟ್ಟಾದ ದಾರಿಯಲ್ಲಿ ಭಾರೀ ಗಾಡಿಕುದುರೆಯನ್ನು ಹೊಡೆಯುತ್ತಿದ್ದನಂತೆ, ಅದು ತಿರುಗಲು ನೋಡಿದಾಗಲೆಲ್ಲ ಚಾವಟಿ. ಈ ಪ್ರಾಣಿಗೆ ತನ್ನ ಬಲ ಗೊತ್ತಾದರೆ ಎಂಬ ಯೋಚನೆ ಅಲ್ಲಿ ಬಂತು. ಮೂಲದಲ್ಲೇ ಇರುವುದು ಒಂದು ಲೈವ್ ಆಕ್ಷನ್ ಚಿತ್ರ: ದೊಡ್ಡ ಮೈ, ಸಣ್ಣ ಕೈ.

ಚಿತ್ರದಲ್ಲೂ ಕೊನೆಯ ಊಟದ ದೃಶ್ಯ ಇದೆ. ಗಾಜಿನ ಆಚೆ ನೆಪೋಲಿಯನ್ ಮತ್ತು ಪಿಲ್ಕಿಂಗ್ಟನ್ ಮುಖಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಂದಿ ಯಾರು, ಮನುಷ್ಯ ಯಾರು ಎಂದು ತಿಳಿಯದಾಯಿತು ಎನ್ನುವ ಪುಸ್ತಕದ ಕೊನೆಯ ವಾಕ್ಯಕ್ಕೆ ಇದಕ್ಕಿಂತ ಸರಳವಾದ ಸಿನಿಮಾ ಉತ್ತರ ಸಿಗಲಾರದು. ದುಬಾರಿ ಗ್ರಾಫಿಕ್ಸ್ ಬೇಡ, ಸೊಟ್ಟ ಗಾಜು ಸಾಕು. ಎರಡು ಕಾಲಿನ ಮೇಲೆ ನಿಂತ ಹಂದಿಯನ್ನು ಪೂರ್ತಿ ತೋರಿಸಿದ ಕಡೆ ಮಾತ್ರ ಭಯ ನಿಲ್ಲುವುದಿಲ್ಲ. ಹಂದಿಯ ಸೊಂಟ ಮನುಷ್ಯನ ಬಟ್ಟೆಯನ್ನು ಹಿಡಿದುಕೊಳ್ಳುವುದಿಲ್ಲ, ಅಂಗಿ ತೊಟ್ಟ ಯಂತ್ರ ಅಂಗಿ ತೊಟ್ಟ ಯಂತ್ರವಾಗಿಯೇ ಕಾಣುತ್ತದೆ. ಬಾಗಿಲ ಸಂದಿಯಲ್ಲಿ ಎರಡು ಗೊರಸು, ಗೋಡೆಯ ಮೇಲೆ ಉದ್ದ ನೆರಳು, ಅಷ್ಟನ್ನೇ ತೋರಿಸಿದ್ದರೆ ಮಿಕ್ಕದ್ದನ್ನು ನಮ್ಮ ತಲೆ ತುಂಬಿಕೊಳ್ಳುತ್ತಿತ್ತು.

ಕನ್ನಡದಲ್ಲಿ ಇಂಥದ್ದಕ್ಕೆ ದನಿ ಕೊಡುವವರೋ ಹೊಸದಾಗಿ ತೆಗೆಯುವವರೋ ಇದ್ದರೆ, ಈ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕೆಲವು ವಿಷಯ ನೋಡಬೇಕು. ಮೊದಲನೆಯದು ತುಟಿ. ಪ, ಬ, ಮ ಬಂದಾಗ ಬಾಯಿ ಮುಚ್ಚಲೇಬೇಕು, ಕಣ್ಣು ಹಿಡಿಯುವ ತಪ್ಪು ಅದೊಂದೇ. ಇಂಗ್ಲಿಷ್ ಮಾತು ಬಹಳ ಸಲ ವ್ಯಂಜನದಲ್ಲಿ ಮುಗಿದು ಬಾಯಿ ಕಚ್ಚಿಕೊಳ್ಳುತ್ತದೆ. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ, ವಾಕ್ಯದ ಕೊನೆಗೆ ಬಾಯಿ ತೆರೆದೇ ಇರುತ್ತದೆ. ಆದ್ದರಿಂದ ಡಬ್ ಮಾಡುವಾಗ ಕೊನೆಯ ಕ್ರಿಯಾಪದವನ್ನು ನುಂಗಿ ಹೇಳುವ ಆಡುಮಾತು ಪುಸ್ತಕದ ಭಾಷೆಗಿಂತ ಚೆನ್ನಾಗಿ ಕೂರುತ್ತದೆ. 'ಮಾಡುತ್ತೇವೆ' ಅನ್ನುವ ಕಡೆ 'ಮಾಡ್ತೀವ್' ಅನ್ನಿ.

ಕುರಿಗಳ ಘೋಷಣೆ ಎರಡನೆಯದು. ಮೂಲದಲ್ಲಿ 'ಬ್ಯಾಡ್' ಎನ್ನುವ ಇಂಗ್ಲಿಷ್ ಮಾತನ್ನು ಎಳೆದರೆ ಕುರಿಯ ಕೂಗೇ ಆಗುತ್ತದೆ. 'ನಾಲ್ಕು ಕಾಲು ಒಳ್ಳೆಯದು, ಎರಡು ಕಾಲು ಕೆಟ್ಟದ್ದು' ಎಂದು ಅನುವಾದಿಸಿದರೆ ಅರ್ಥ ಉಳಿಯುತ್ತದೆ, ಕುರಿ ಓಡಿಹೋಗುತ್ತದೆ. ಕನ್ನಡದಲ್ಲಿ ಕುರಿಗೆ ಅದರದೇ ಮಾತು ಇದೆ: 'ನಾಕು ಕಾಲು ಬೇಕು, ಎರಡು ಕಾಲು ಬ್ಯಾ...ಡ'. ಕೊನೆಗೆ ಹಂದಿಗಳು ಎದ್ದು ನಿಂತ ದಿನ ಅದೇ ಕುರಿಗಳು 'ನಾಕು ಕಾಲು ಬೇಕು, ಎರಡು ಕಾಲೇ ಬೇಕು' ಎನ್ನಲಿ. ಒಂದು ಏಕಾರದಲ್ಲಿ ಇಡೀ ರಾಜ್ಯ ಮಗುಚಿಕೊಳ್ಳುತ್ತದೆ.

ಗೋಡೆಯ ಮೇಲಿನ ಏಳು ಆಜ್ಞೆಗಳದು ಇದಕ್ಕಿಂತ ಬಿಗಿಯಾದ ತೊಡಕು, ಲೈವ್ ಆಕ್ಷನ್‌ನಲ್ಲಿ ಗೋಡೆ ನಿಜವಾಗಿ ಕಣ್ಣೆದುರಿಗೇ ಇರುತ್ತದಲ್ಲ. ಈ ಆಜ್ಞೆಗಳನ್ನು ಹಂದಿಗಳು ತಮಗೆ ಬೇಕಾದಂತೆ ಗುಟ್ಟಾಗಿ ತಿದ್ದುತ್ತವೆ, ಇಂಗ್ಲಿಷ್‌ನಲ್ಲಿ ತಿದ್ದುಪಡಿ ವಾಕ್ಯದ ತುದಿಗೆ ಸೇರುತ್ತದೆ. ಸ್ಕ್ವೀಲರ್ ರಾತ್ರಿ ಏಣಿ ಹತ್ತಿ, ಲಾಂದ್ರದ ಬೆಳಕಲ್ಲಿ, ಬಿಳಿ ಬಣ್ಣದಿಂದ ಎರಡು ಪದ ಸೇರಿಸಿದರೆ ಆಯಿತು. ಕನ್ನಡದಲ್ಲಿ 'ಕೊಲ್ಲಬಾರದು' ಎಂಬ ಕ್ರಿಯಾಪದ ಕೊನೆಗೆ ಕೂತಿರುತ್ತದೆ. 'ಕಾರಣವಿಲ್ಲದೆ' ಅದರ ಮುಂಚೆ ಬರಬೇಕು, ಗೋಡೆಯಲ್ಲಿ ಅಲ್ಲಿ ಜಾಗ ಇರುವುದಿಲ್ಲ. ಕೆರೆದು ಬರೆದರೆ ಗುಟ್ಟು ರಟ್ಟು. ದಾರಿ ಇದೆ. ಆಡುಮಾತಿನಲ್ಲಿ ನಾವು ಮರೆತದ್ದನ್ನು ಕೊನೆಗೆ ತಗುಲಿಸುತ್ತೇವೆ: 'ಯಾವ ಪ್ರಾಣಿಯೂ ಇನ್ನೊಂದು ಪ್ರಾಣಿಯನ್ನು ಕೊಲ್ಲಬಾರದು, ಕಾರಣವಿಲ್ಲದೆ.' ಹಾಗೆಯೇ 'ಹಾಸಿಗೆಯಲ್ಲಿ ಮಲಗಬಾರದು, ಮಗ್ಗುಲುಹಾಸು ಹಾಕಿಕೊಂಡು.' ತಡವಾಗಿ ಹೊಳೆದ ನೆವದ ಹಾಗೆ ಕೇಳಿಸುತ್ತದೆ, ಸ್ಕ್ವೀಲರ್‌ಗೆ ಬೇಕಾದ ದನಿ ಅದೇ. ಮೊದಲ ಬರಹದಲ್ಲಿ ಸ್ನೋಬಾಲ್ ಎಂಬ ಹಂದಿ ಮಾಡುವ ಕಾಗುಣಿತದ ತಪ್ಪನ್ನೂ ಬಿಡಬಾರದು. 'ಮಿತ್ರ' ಎಂಬುದು ಗೋಡೆಯಲ್ಲಿ 'ಮಿತೃ' ಎಂದಿರಲಿ, ಈಗಷ್ಟೇ ಅಕ್ಷರ ಕಲಿತ ಗೊರಸಿನ ಪ್ರಾಮಾಣಿಕತೆ ಅಲ್ಲಿ ಕಾಣುತ್ತದೆ. ಮುಂದೆ ಸೇರಿಸಿದ ಪದಗಳಲ್ಲಿ ಒಂದೂ ತಪ್ಪಿರಬಾರದು.

ಕಾದಂಬರಿಯ ಕೃತಿಸ್ವಾಮ್ಯದ ಗೊಡವೆ ಭಾರತದಲ್ಲಿ ಈಗಿಲ್ಲ. ಆರ್ವೆಲ್ ತೀರಿಕೊಂಡದ್ದು 1950ರ ಜನವರಿಯಲ್ಲಿ, ಇಲ್ಲಿಯ ಕಾಯ್ದೆಯ 60 ವರ್ಷದ ಲೆಕ್ಕ 2010ಕ್ಕೆ ಮುಗಿದಿದೆ. ಬೇರೆ ದೇಶಗಳ ಲೆಕ್ಕ ಬೇರೆ, ಹೊರಗೆ ಬಿಡುಗಡೆ ಮಾಡುವವರು ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಪ್ರಾಣಿಗಳ ವಿಷಯ ಹಾಗಲ್ಲ. ಯಾವುದೇ ಪ್ರಾಣಿಯನ್ನು ಚಿತ್ರೀಕರಣಕ್ಕೆ ಬಳಸುವ ಮುನ್ನ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಮುಗಿದ ಮೇಲೆ ಸೆನ್ಸಾರ್ ಮುಂದೆ ಅದರ ಪ್ರಮಾಣಪತ್ರವೂ ಬೇಕು. ನಮ್ಮಲ್ಲಿ ರಾಜಕೀಯದ ಪ್ರಾಣಿಕಥೆಗೆ ಸಾವಿರ ವರ್ಷದ ದಾರಿ ಇದೆ. ಚಾಲುಕ್ಯರ ಸಂಧಿವಿಗ್ರಹಿಯಾಗಿ, ಅಂದರೆ ಯುದ್ಧ-ಸಂಧಿಗಳನ್ನು ನೋಡಿಕೊಳ್ಳುವ ಮಂತ್ರಿಯಾಗಿ ಇದ್ದ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು 1031ರ ಹೊತ್ತಿಗೆ. ಅದನ್ನು ತೆಗೆಯಹೊರಟವರಿಗೆ ಕಷ್ಟ ಹೆಚ್ಚು. ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕೆ ಪಳಗಿಸುವಂತಿಲ್ಲ, 2011ರಲ್ಲಿ ಗೂಳಿಯನ್ನೂ ಆ ಪಟ್ಟಿಗೆ ಸೇರಿಸಲಾಯಿತು. ಪಂಚತಂತ್ರದ ಪಿಂಗಳಕ ಸಿಂಹ, ಸಂಜೀವಕ ಗೂಳಿ ಇಬ್ಬರನ್ನೂ ಯಂತ್ರದಲ್ಲೋ ಗ್ರಾಫಿಕ್ಸ್‌ನಲ್ಲೋ ಕಟ್ಟಬೇಕಾಗುತ್ತದೆ.

ಹಂದಿಯ ಕಥೆಗೆ ಆ ತಡೆ ಇಲ್ಲ, ಆದರೆ ಹಂದಿ ಬೆಳೆಯುತ್ತದೆ. ಮರಿಗಳು ವಾರವಾರಕ್ಕೂ ಆಕಾರ ಬದಲಿಸುವುದರಿಂದ 'ಬೇಬ್' ಚಿತ್ರದ ಒಂದೇ ಪಾತ್ರಕ್ಕೆ 48 ಮರಿ ಬೇಕಾದವು. ನೆಪೋಲಿಯನ್‌ಗೆ ಬೆಳೆದ ಹಂದಿಯನ್ನೇ ಆರಿಸುವುದು ಲೇಸು, ಗಾತ್ರ ಸ್ಥಿರವಾಗಿರುತ್ತದೆ. ಒಂದೇ ಬಣ್ಣದ ಎರಡು ಮೂರು ಹಂದಿ ಇಟ್ಟುಕೊಂಡು, ಬೆಳಗಿನ ತಂಪಿನಲ್ಲಿ ಅವುಗಳ ಶಾಟ್ ಮುಗಿಸಬೇಕು. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಬಿಸಿಲೇರಿದರೆ ಕೆಸರು ಹುಡುಕಿ ಮಲಗಿಬಿಡುತ್ತದೆ. ಮಲಗಿದಲ್ಲಿಂದಲೇ ಅದು ಅರ್ಧ ಕಣ್ಣು ತೆರೆದು ನೋಡುತ್ತದಲ್ಲ, ಆಗ ಕ್ಯಾಮೆರಾ ನಿಲ್ಲಿಸಬೇಡಿ.